ಶಾಲೆಯ ನೀಲಿ ಮಾತ್ರೆ ಕಿಟಕಿಯಾಚೆ ಬೀಳದಿರಲಿ

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ನಿಮ್ಮ ಮಕ್ಕಳ ಹೊಟ್ಟೆ ಸೇರುತ್ತಿದೆಯೇ? ಎಷ್ಟೋ ಕಡೆ ಅದು ಕಿಟಕಿಯಾಚೆ ಬೀಳುತ್ತದೆ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59, ಹುಡುಗರಲ್ಲಿ ಶೇ 31 ಮಂದಿಗೆ ರಕ್ತಹೀನತೆ ಇದೆ. ಹೌದು, ಹುಡುಗರಿಗೂ! ಓದಲು ಕೂತರೆ ತೂಕಡಿಕೆ, ಆಟಕ್ಕಿಳಿದರೆ ಏದುಸಿರು. ಮನೆಯಲ್ಲಿ ನಾವು ಇದನ್ನು ಸೋಮಾರಿತನ ಅಂತ ಕರೆದುಬಿಡುತ್ತೇವೆ.

ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು. ಮಲ ಕಪ್ಪಾಗಬಹುದು, ಅದರಿಂದ ಅಪಾಯವಿಲ್ಲ. ಇಷ್ಟನ್ನು ಮೊದಲೇ ಯಾರೂ ಹೇಳದಿದ್ದಾಗ ಮಕ್ಕಳು ಹೆದರುತ್ತಾರೆ. ಆಮೇಲೆ 'ಅದು ಮಕ್ಕಳಾಗದ ಮಾತ್ರೆಯಂತೆ' ಎಂಬ ಗಾಳಿಮಾತು ಹಬ್ಬುತ್ತದೆ. ಇದು ಶುದ್ಧ ಸುಳ್ಳು.

ಊಟವಾದ ಮೇಲೆ ನೀರಿನ ಜೊತೆ ನುಂಗಲಿ. ಹಿಂದೆಯೇ ಟೀ ಬೇಡ, ಟೀ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಹುರುಳಿ ಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಕೊಡಿ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಸುಸ್ತು ಹಾಗೇ ಇದ್ದರೆ, ಮುಟ್ಟಿನ ರಕ್ತ ಹೆಚ್ಚು ಹೋಗುತ್ತಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಬಣ್ಣದ ಮಾತು ಮುಗಿದ ಮೇಲಾದರೂ ಒಂದು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಮಾತ್ರೆ ಕೊಡುವುದು ಬಿಸಿಯೂಟಕ್ಕೆ ಮೊದಲೋ, ಆಮೇಲೋ?