ವಿಜೆ ಪರದೆಯಲ್ಲಿ ಒತ್ತಕ್ಷರಕ್ಕೆ ಜಾಗ ಇಲ್ವಾ?

ಆರ್ಕೆಸ್ಟ್ರಾ, ಕಾಲೇಜು ಫೆಸ್ಟು, ಫ್ಯೂಷನ್ ಬ್ಯಾಂಡು... ಈಗ ಎಲ್ಲಿ ಹೋದರೂ ವೇದಿಕೆ ಹಿಂದೆ ಒಂದು ಎಲ್‌ಇಡಿ ಗೋಡೆ. ಅದರ ಮೇಲೆ ತಾಳಕ್ಕೆ ತಕ್ಕಂತೆ ಚಿತ್ರ ಕುಣಿಸುವವನೇ ವಿಜೆ (ಟೀವಿಯಲ್ಲಿ ಹರಟೆ ಹೊಡೆಯೋ ವಿಜೆ ಅಲ್ಲ ಸ್ವಾಮಿ, ಇವನು ಡಿಜೆಯ ತಮ್ಮ). ಹಾಡು ಕನ್ನಡ, ಹಾಡೋರು ಕನ್ನಡದೋರು, ಕೇಳೋರೂ ನಾವೇ. ಗೋಡೆ ಮೇಲೆ ಓಡೋ ಪದಗಳು ಮಾತ್ರ ಎಷ್ಟೋ ಕಡೆ ಇಂಗ್ಲಿಷ್ ಲಿಪಿಯಲ್ಲಿ! ಯಾಕ್ರೀ ಅಂದ್ರೆ ಸಿದ್ಧ ಉತ್ತರ: "ಸಾಫ್ಟ್‌ವೇರಲ್ಲಿ ಕನ್ನಡ ಒಡೆದು ಬರುತ್ತೆ ಸಾರ್, ಏನ್ ಮಾಡೋಕಾಗುತ್ತೆ?"

ಒಡೆದು ಬರೋದು ನಿಜ. 'ಪ್ರೀತಿ' ನಮ್ಮ ಕಣ್ಣಿಗೆ ಎರಡು ಅಕ್ಷರ, ಯುನಿಕೋಡಿನಲ್ಲಿ ಆರು ಸಂಕೇತ. ಆರನ್ನೂ ಕೂಡಿಸಿ, ರ-ಒತ್ತನ್ನು ಅದರ ಜಾಗಕ್ಕೆ ಕಳಿಸಿ, ಗುಡಿಸು ಹಚ್ಚೋದಕ್ಕೆ ಬೇರೆಯದೇ ಒಂದು ತಂತ್ರಾಂಶ ಬೇಕು. ಹಲವು ವಿಜೆ ಸಾಫ್ಟ್‌ವೇರುಗಳು ಆ ಕೆಲಸಕ್ಕೆ ಹೋಗದೆ, ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಜೋಡಿಸಿಬಿಡುತ್ತವೆ. ಪ್ರೀತಿ ಚಿಂದಿಯಾಗುತ್ತೆ :-)

ಆದರೆ "ಏನ್ ಮಾಡೋಕಾಗುತ್ತೆ" ಅನ್ನೋದು ಶುದ್ಧ ಸೋಮಾರಿತನ. ಹಾರ್ಫ್‌ಬಝ್ ಅನ್ನೋ ತಂತ್ರಾಂಶ ಈ ಕೂಡಿಸೋ ಕೆಲಸವನ್ನೇ ಮಾಡುತ್ತೆ. ಪುಕ್ಕಟೆ. ದುಡ್ಡಿಗೆ ಮಾರೋ ಸಾಫ್ಟ್‌ವೇರಿಗೂ ಸೇರಿಸಿಕೊಳ್ಳಬಹುದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ವಿಜೆ ಸಾಫ್ಟ್‌ವೇರ್ ಮಾಡೋರು ಸೇರಿಸಿಲ್ಲ ಅಂದ್ರೆ ನಾವು ಕೇಳಿಲ್ಲ ಅಂತ, ಅಷ್ಟೆ.

ಕೆಲವರು ಹಳೇ ನುಡಿ, ಬರಹ ಫಾಂಟು ಹಾಕಿ ಗೆದ್ದೆವು ಅಂತಾರೆ. ಅವು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟುಗಳು, ಹಾಗಾಗಿ ಕೂಡಿಸೋ ತಾಪತ್ರಯವೇ ಇಲ್ಲ. ಸರಿ, ಆದರೆ ಪ್ರೇಕ್ಷಕ ಮೊಬೈಲಿನಿಂದ ಕಳಿಸಿದ ಮಾತನ್ನು ಆ ಕ್ಷಣವೇ ಗೋಡೆಗೆ ಏರಿಸಬೇಕಾದರೆ? ಅದು ಬರೋದು ಯುನಿಕೋಡಿನಲ್ಲಿ. ನುಡಿ ಅಲ್ಲಿ ಮೂಕ. ಇನ್ನು ಕೆಲವರು ಫೋಟೋಶಾಪಿನಲ್ಲಿ ಸಾಲುಗಳನ್ನು ಚಿತ್ರ ಮಾಡಿಟ್ಟುಕೊಂಡು ಬರುತ್ತಾರೆ. ಗಾಯಕ ಪಲ್ಲವಿಯನ್ನು ಇನ್ನೊಂದು ಸಲ ಎತ್ತಿಕೊಂಡು ಅಲ್ಲೇ ಒಂದು ಪದ ಬದಲಿಸಿದರೆ ಮುಗೀತು ಕಥೆ. ಆ ಗಳಿಗೆಗೆ ಸ್ಪಂದಿಸದ ಮೇಲೆ ವಿಜೆ ಯಾಕೆ, ಸಿ.ಡಿ. ಹಾಕಿ ಕೂರಬಹುದಲ್ಲ?

ದಾರಿ ಇದೆ ಕಣ್ರೀ, ಅದು ಕ್ಯಾಮೆರಾ. ಲೈವ್ ಕ್ಯಾಮೆರಾ ಒಳಸೇರಿಸೋ ಸೌಲಭ್ಯ ಇಂಥ ಸಾಫ್ಟ್‌ವೇರುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಒಂದು ಕರೀ ಸ್ಲೇಟು, ಬಿಳೀ ಬಳಪ, ಮೇಲೆ ವೆಬ್‌ಕ್ಯಾಮ್. ಲೂಮಾ ಕೀ ಹಾಕಿದರೆ ಕಪ್ಪು ಕರಗಿ ಬಿಳೀ ಅಕ್ಷರ ಮಾತ್ರ ಚಿತ್ರದ ಮೇಲೆ ತೇಲುತ್ತೆ. ಬರೆಯುವ ಕೈ ಕೂಡ ಕಾಣುತ್ತೆ, ಅದರ ಸೊಗಸೇ ಬೇರೆ. ಆಟೋ ಎಕ್ಸ್‌ಪೋಷರ್, ಆಟೋ ಫೋಕಸ್ ಎರಡನ್ನೂ ಕೊಲ್ಲಿ, ಇಲ್ಲದಿದ್ದರೆ ವೇದಿಕೆ ದೀಪ ಬದಲಾದಾಗಲೆಲ್ಲ ಅಕ್ಷರ ಉಬ್ಬಸ ಪಡುತ್ತೆ. ಕನ್ನಡಿ ಬಿಂಬದ ಹಾಗೆ ತಿರುಗಿದೆಯಾ ಅಂತಲೂ ನೋಡಿಕೊಳ್ಳಿ.

ಬಳಪ ಬೇಡ, ಟೈಪೇ ಮಾಡಬೇಕು ಅನ್ನೋರಿಗೆ ಓಬಿಎಸ್. ಅದರ ಬ್ರೌಸರ್ ಸೋರ್ಸ್ ಒಳಗಿರೋದು ಕ್ರೋಮಿಯಂ, ಒತ್ತಕ್ಷರ ಸರಿಯಾಗಿ ಕೂರುತ್ತೆ. 2020ರ 26ನೇ ಆವೃತ್ತಿಯಿಂದ ಅದರಲ್ಲೇ ವರ್ಚುವಲ್ ಕ್ಯಾಮೆರಾ ಇದೆ. ಅದನ್ನು ವೆಬ್‌ಕ್ಯಾಮ್ ಅಂತಲೇ ವಿಜೆ ಸಾಫ್ಟ್‌ವೇರಿಗೆ ತೋರಿಸಿ. ಪಾರದರ್ಶಕ ಹಿನ್ನೆಲೆ ದಾಟಿ ಬರೋಲ್ಲ, ಹಾಗಾಗಿ ಇಲ್ಲೂ ಕಪ್ಪು ಹಿನ್ನೆಲೆ, ಲೂಮಾ ಕೀ.

ಹಾಗಂತ ಇದನ್ನೇ ಪರಿಹಾರ ಅಂತ ಒಪ್ಪೋದಕ್ಕೆ ನಾನಂತೂ ತಯಾರಿಲ್ಲ. ಇಂಗ್ಲಿಷಿಗೆ ಮುಂಬಾಗಿಲು, ಕನ್ನಡಕ್ಕೆ ಕ್ಯಾಮೆರಾದ ಕಿಂಡಿ... ಇದ್ಯಾವ ನ್ಯಾಯ? ಇವತ್ತೇ ನಿಮ್ಮ ಸಾಫ್ಟ್‌ವೇರಿನ ಟೆಕ್ಸ್ಟ್ ಪೆಟ್ಟಿಗೆಯಲ್ಲಿ 'ಪ್ರೀತಿ' ಅಂತ ಬರೆಯಿರಿ. ಒಡೆದರೆ ಒಂದು ಸ್ಕ್ರೀನ್‌ಶಾಟ್, ಬ್ರೌಸರಿನಲ್ಲಿ ಬರೆದದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು, ಹಾರ್ಫ್‌ಬಝ್ ಹೆಸರು ಬರೆದು, ಮಾಡಿದವರಿಗೇ ಮೇಲ್ ಹಾಕಿ. ದುಡ್ಡು ಕೊಟ್ಟು ಕೊಂಡಿದ್ದೀರಿ ತಾನೆ?