ಎರಡು ದಂಡೆಗಳಿಂದ ಎದ್ದ ಅಣೆಕಟ್ಟು



ನದಿ ನೀರಿನ ಜಗಳದ ಸುದ್ದಿ ಬಂದಾಗಲೆಲ್ಲ ಹೊರನಾಡಿನಲ್ಲಿ ಬೆಳೆದ ನಿಮಗೆ ಇಕ್ಕಟ್ಟು. ಮನೆಮಾತು ಕನ್ನಡ, ಜೊತೆಗೆ ಓದಿ ಆಡುವವರು ಇಲ್ಲಿನ ಗೆಳೆಯರು. ಯಾರ ಪರ ಮಾತಾಡುವುದು? ಪಕ್ಷ ಹಿಡಿಯುವ ಮೊದಲು ತುಂಗಭದ್ರಾ ಅಣೆಕಟ್ಟಿನ ಚರಿತ್ರೆ ತಿಳಿದುಕೊಳ್ಳಿ. ಚೆನ್ನೈ, ಹೈದರಾಬಾದುಗಳಲ್ಲಿ ಇರುವವರಿಗೆ ಇದು ನಿಮ್ಮ ಊರಿನ ಕಥೆಯೂ ಹೌದು.

ತುಂಗಭದ್ರೆ ಮಲೆನಾಡಿನ ಮಳೆಯನ್ನು ಹೊತ್ತು ಬಳ್ಳಾರಿ, ರಾಯಚೂರಿನಂಥ ಒಣ ಸೀಮೆಗೆ ಬರುತ್ತಾಳೆ. ಸರ್ ಆರ್ಥರ್ ಕಾಟನ್ 1860ರಲ್ಲೇ ಈ ನೀರನ್ನು ಕಟ್ಟಿ ನಿಲ್ಲಿಸುವ ಸಲಹೆ ಕೊಟ್ಟಿದ್ದರು. 1876-78ರ ಘೋರ ಬರಗಾಲ ಬಳ್ಳಾರಿ, ರಾಯಲಸೀಮೆಗಳನ್ನು ಹಿಂಡಿಹಾಕಿತು. ಆದರೂ ಕೆಲಸ ಕೂಡಿಬರಲಿಲ್ಲ. ಹೊಸಪೇಟೆಯ ಬಳಿ ನದಿಯ ಬಲದಂಡೆ ಮದರಾಸು ಪ್ರಾಂತಕ್ಕೆ ಸೇರಿತ್ತು, ಎಡದಂಡೆ ಹೈದರಾಬಾದಿನ ನಿಜಾಮರಿಗೆ. ಒಬ್ಬರು ಒಪ್ಪದೆ ಇನ್ನೊಬ್ಬರು ಕಟ್ಟುವಂತಿರಲಿಲ್ಲ.

ಕೊನೆಗೆ 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಒಂದು ಕಡೆಯಿಂದ ಹೈದರಾಬಾದಿನ ಇಂಜಿನಿಯರುಗಳು, ಇನ್ನೊಂದು ಕಡೆಯಿಂದ ತಿರುಮಲೆ ಅಯ್ಯಂಗಾರರ ನೇತೃತ್ವದ ಮದರಾಸಿನವರು ಕಟ್ಟುತ್ತಾ ಬಂದರು. ಬಹುಪಾಲು ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡವದು. 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಬಳ್ಳಾರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗೆ ಎರಡೂ ದಂಡೆ ನಮ್ಮವಾದವು. ನೀರು ಮಾತ್ರ ಇಂದಿಗೂ ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ ಹಂಚಿಕೆಯಾಗುತ್ತದೆ.

ಈ ನೀರಿಗೆ ಬೆಲೆ ತೆತ್ತವರನ್ನೂ ನೆನೆಯಬೇಕು. ಸುಮಾರು 90 ಹಳ್ಳಿಗಳು ಮುಳುಗಡೆಗೆ ಸಿಕ್ಕವು. 54 ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. ಅವರು ಬಿಟ್ಟುಕೊಟ್ಟದ್ದರಿಂದ ಗಂಗಾವತಿ, ಸಿಂಧನೂರು ಭತ್ತದ ಕಣಜಗಳಾದವು. ಆದರೆ ಯೋಜನೆ ಹಾಕಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ, ಆದಷ್ಟು ಹೆಚ್ಚು ಹೊಲಗಳನ್ನು ಬರದಿಂದ ಕಾಯಲೆಂದು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ತಿರುಗಿದ ಮೇಲೆ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಕಾದು ಕೂರುವಂತಾಯಿತು. ಅಲ್ಲಿ ಕಸಿದುಕೊಂಡವರೂ ಕನ್ನಡಿಗರೇ, ಕಳೆದುಕೊಂಡವರೂ ಕನ್ನಡಿಗರೇ.

ಹಂಚಬೇಕಾದ ನೀರೂ ಕಡಿಮೆಯಾಗಿದೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ 2016ರ ಸಮೀಕ್ಷೆಯ ಹೊತ್ತಿಗೆ 106ಕ್ಕಿಂತ ಕೆಳಗಿಳಿದಿತ್ತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಧುಮುಕುವ ನೀರಿನ ನಡುವೆಯೇ ತಾತ್ಕಾಲಿಕ ತಡೆ ಇಳಿಸಿ ಸುಮಾರು ಒಂದು ವಾರದಲ್ಲಿ ಹರಿವು ನಿಲ್ಲಿಸಿದರು. ಆ ಕೆಲಸಕ್ಕೆ ದಾರಿ ತೋರಿದವರು ತೆಲುಗು ನಾಡಿನ ಗೇಟು ತಜ್ಞ ಕನ್ನಯ್ಯ ನಾಯ್ಡು. ಉಳಿದ ನೀರು ಎಲ್ಲ ಕಡೆಯ ರೈತರದೂ ಆಗಿತ್ತು.

ನಾಡಿನ ಅಭಿಮಾನ ಬೇಡವೆಂದು ನಾನು ಹೇಳುತ್ತಿಲ್ಲ. ಅಭಿಮಾನಕ್ಕೆ ತಿಳಿವಳಿಕೆಯ ಬಲ ಇರಲಿ. ರಜೆಯಲ್ಲಿ ಹಂಪಿಗೆ ಹೋದರೆ ಅಣೆಕಟ್ಟನ್ನೂ ನೋಡಿ ಬನ್ನಿ. ರಾಯಚೂರಿನ ಕಡೆ ನೆಂಟರಿದ್ದರೆ, ಈ ವರ್ಷ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ ಎಂದು ಕೇಳಿ. ನೀರಿನ ನ್ಯಾಯ ಗೊತ್ತಾಗುವುದು ಅಲ್ಲಿ.