ಹಳೆಯ ರೇಡಿಯೊದ ಹಣೆಬರಹ

ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಲ್ಲಾಗಲಿ, ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಕ್ಕರೆ ಅವಸರದಿಂದ ಪ್ಲಗ್ ಹಾಕಬಾರದು. ಮೊದಲು ಒಳಗಿನ ಕೆಪಾಸಿಟರ್‌ಗಳ ಮೈಮೇಲಿನ ಬರಹ ಓದಬೇಕು.

ಹಳೆಯವುಗಳ ಮೇಲೆ ‘ಎಂಎಫ್‌ಡಿ’ ಎಂದಿದ್ದರೆ ಮೈಕ್ರೊಫ್ಯಾರಡ್. ‘ಎಂಎಂಎಫ್‌ಡಿ’ ಎಂದಿದ್ದರೆ ಪಿಕೊಫ್ಯಾರಡ್. ಒಂದು ‘ಎಂ’ ಹೆಚ್ಚಾದರೆ ಬೆಲೆ ಹತ್ತು ಲಕ್ಷ ಪಟ್ಟು ಇಳಿಯಿತೆಂದೇ ಅರ್ಥ! ಕೊಳವೆಬಾವಿಯ ಸಿಂಗಲ್ ಫೇಸ್ ಪಂಪಿನ ಕೆಪಾಸಿಟರ್ ಮೇಲೆ ರೈತರು ಕಾಣುವುದೂ ಇದೇ ‘ಎಂಎಫ್‌ಡಿ’.

ಬಿಲ್ಲೆಯಂಥ ಸಿರಾಮಿಕ್ ಕೆಪಾಸಿಟರ್‌ಗಳದು ಬೇರೆ ಲೆಕ್ಕ. ‘104ಕೆ’ ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಅಂದರೆ 1,00,000 ಪಿಕೊಫ್ಯಾರಡ್, ಇದು 0.1 ಮೈಕ್ರೊಫ್ಯಾರಡ್‌ಗೆ ಸಮ. ಇಲ್ಲಿ ‘ಕೆ’ ಸಾವಿರವಲ್ಲ, ಶೇ 10ರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಸೂಚನೆ. ‘ಜೆ’ ಆದರೆ ಶೇ 5, ‘ಎಂ’ ಆದರೆ ಶೇ 20.

ಮೇಣದ ಕಾಗದದ ಕೊಳವೆಯ ತುದಿಯಲ್ಲಿರುವ ಕಪ್ಪು ಪಟ್ಟಿಯನ್ನು ಋಣಧ್ರುವವೆಂದು ತಿಳಿಯುವವರುಂಟು. ಅದು ಹೊರಹಾಳೆಗೆ ಸೇರಿದ ತಂತಿಯ ಗುರುತಷ್ಟೆ. ಧನ, ಋಣ ನೋಡಲೇಬೇಕಾದದ್ದು ಎಲೆಕ್ಟ್ರೊಲಿಟಿಕ್‌ನಲ್ಲಿ. ತಿರುಗುಮುರುಗಾದರೆ ಅದು ಕಾದು ಸಿಡಿಯಬಹುದು. ವೋಲ್ಟ್ ಅಂಕಿ ಅದು ತಾಳುವ ಮಿತಿ. ಹೊಸದನ್ನು ಹಾಕುವಾಗ ಅದಕ್ಕಿಂತ ಕಡಿಮೆಯದು ಕೂಡದು.

ಬರಹ ಅಳಿಯದಿದ್ದರೂ ಒಳಗಿನ ಸತ್ವ ಅಳಿದಿರಬಹುದು. ದಶಕಗಳು ಕಳೆದಂತೆ ಕಾಗದ ತೇವ ಹೀರಿ ವಿದ್ಯುತ್ ಸೋರುತ್ತದೆ, ಎಲೆಕ್ಟ್ರೊಲಿಟಿಕ್ ಒಣಗುತ್ತದೆ. ಇಂಥವನ್ನು ಬದಲಿಸದೆ ರೇಡಿಯೊ ಹಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಇನ್ನೊಂದು ಮಾತು: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು. ಓದುವ ಕೆಲಸ ಕಣ್ಣಿನದು; ಕೈ ಹಾಕುವ ಕೆಲಸ ಅನುಭವಿ ಮೆಕ್ಯಾನಿಕ್‌ನದು.